ನಮ್ಮ ನಾಗಾವಿಯ ಮೋಟಾರು ಗಾಡಿ

ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲದ ಭಗಿನಿಯರಿಂದ ನನಗೆ ಪತ್ರ ಬಂದಿತು. ಶಾಲೆಯ ದಿನಗಳ ನೆನಪು, ಗುರುಜನರ ಗುಣಕಥನ ಇವುಗಳನ್ನು ನನಗಿಂತ ಚೆನ್ನಾಗಿ ಬರೆಯತಕ್ಕವರು ನಮ್ಮಲ್ಲಿ ಅನೇಕರಿರುವರು. ಆದುದರಿಂದ ನಾನು ಬೇರೊಂದು ಸಂಗತಿಯನ್ನು ಆರಿಸಿಕೊಂಡಿರುವೆನು. ಎಂಜಿನು ಕೆಟ್ಟು ನಿಂತ ಹಳೆಯ ಮೋಟಾರು ಗಾಡಿಯನ್ನು ಏನು ಮಾಡಬೇಕು ಎಂಬದೇ ಆ ಸಂಗತಿ. ಇದು ಗಂಡಸರ ವಿಷಯವೆಂದು ಯಾರೂ ಪುಟ ಮಗುಚದಿರಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರ ತವರುಮನೆಯ ಅಂಗಳದಲ್ಲಿ ಇಂಥದೊಂದು ಗಾಡಿಯು ತಾಡಪತ್ರಿಯ ಕೆಳಗೆ ನಿಂತಿರುವದನ್ನು ನಾನು ಬಲ್ಲೆನು. ತಂದೆ ತೀರಿಕೊಂಡ ಬಳಿಕ, ಅಣ್ಣತಮ್ಮಂದಿರು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಬಳಿಕ, ಅದರ ವಿಷಯದಲ್ಲಿ ನಿರ್ಣಯ ಮಾಡುವ ಹೊರೆಯು ಊರಿಗೆ ಹತ್ತಿರವಿರುವ ಮಗಳ ಮೇಲೆಯೇ ಬೀಳುವದು. ನನ್ನ ಮೇಲೆಯೂ ಹಾಗೆಯೇ ಬಿದ್ದಿತು.

ನಾಗಾವಿ ಎಂದೊಡನೆ ಕಲಬುರ್ಗಿಯ ಕಡೆಯ, ಚಿತ್ತಾಪುರದ ಬಳಿಯ ನಾಗಾವಿಯನ್ನು ನೆನೆಸುವವರುಂಟು. ಪೂರ್ವಕಾಲದಲ್ಲಿ ಘಟಿಕಾಸ್ಥಾನವಿದ್ದ ಆ ಪ್ರಸಿದ್ಧ ಸ್ಥಳವು ಬೇರೆ. ನಮ್ಮದು ಗದುಗಿನ ಸಮೀಪದಲ್ಲಿ, ಕಪ್ಪತಗುಡ್ಡದ ಸಾಲಿನ ಕಡೆಗೆ ಮುಖಮಾಡಿಕೊಂಡಿರುವ ಹಳ್ಳಿ. ೨೦೧೬ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಇಲ್ಲಿ ತನ್ನ ಆವರಣವನ್ನು ಮಾಡಿಕೊಂಡಂದಿನಿಂದ ನಮ್ಮೂರಿನ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ, ಗಾಡಿಗಳ ಓಡಾಟವೂ ಹೆಚ್ಚಿದೆ. ನಾನು ಹುಡುಗಿಯಾಗಿದ್ದಾಗ ಹೀಗಿರಲಿಲ್ಲ. ಎರೆಹೊಲಗಳ ನಡುವಣ ದಾರಿಯು ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅಂಟುವ ಕೆಸರು. ಆ ಕೆಸರು ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತಿದ್ದಿತು.

ನಮ್ಮ ತಂದೆಯವರು ವೈದ್ಯರಾಗಿದ್ದರು. ಗದುಗಿನಲ್ಲಿ ಅವರ ದವಾಖಾನೆ. ಮನೆ ಮಾತ್ರ ನಾಗಾವಿಯಲ್ಲಿ. ಅವರು ೧೯೮೨ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಗಾಡಿಯನ್ನು ಕೊಂಡರು. ಕೊಂಡರು ಎಂದು ಇಂದು ಸುಲಭವಾಗಿ ಬರೆದೆನು. ಆ ಕಾಲದಲ್ಲಿ ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾಯಬೇಕಾಗಿದ್ದಿತು. ಗದುಗು ಆಗ ಧಾರವಾಡ ಜಿಲ್ಲೆಯೊಳಗಿದ್ದುದರಿಂದ (ಬೇರೆ ಜಿಲ್ಲೆಯಾದುದು ೧೯೯೭ರಲ್ಲಿ) ನೋಂದಣಿಗಾಗಿ ಧಾರವಾಡಕ್ಕೆ ಹೋಗಿ ಬಂದರು. ಈ ಗಾಡಿಯ ವಂಶಾವಳಿಯನ್ನು ಅವರು ನಮಗೆ ಪಾಠದಂತೆ ಹೇಳುತ್ತಿದ್ದರು. ನಮ್ಮ ದೇಶದಲ್ಲಿಯೇ ಮೋಟಾರು ಕಾರಖಾನೆಯಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿ ಸರಕಾರದ ಬಾಗಿಲು ತಟ್ಟಿದ್ದರು. ಆ ಉದ್ಯೋಗವನ್ನು ಕೈಗೆತ್ತಿಕೊಂಡ ವಾಲಚಂದ ಹೀರಾಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನೂ, ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನೂ ಹುಟ್ಟುಹಾಕಿದರು. ಇಟಲಿಯ ಫಿಯಟ್ ೧೧೦೦ ಎಂಬ ಮಾದರಿಯೇ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತ, ಹೆಸರು ಬದಲಿಸುತ್ತ, ೧೯೭೦ರ ದಶಕದಲ್ಲಿ ‘ಪದ್ಮಿನಿ’ಯಾಯಿತು. ಒಂದು ರಾಣಿಯ ಹೆಸರನ್ನು ಹೊತ್ತ ಗಾಡಿಯು ನಾಗಾವಿಯ ಕೆಸರಿನಲ್ಲಿ ಹೂತು ನಿಂತಾಗಲೆಲ್ಲ ತಂದೆಯವರು ನಕ್ಕು, ಎತ್ತುಗಳನ್ನು ಕರೆಸುತ್ತಿದ್ದರು.

ಈಗಿನ ಹುಡುಗಿಯರಿಗೆ ಆ ಗಾಡಿಯ ರಚನೆ ವಿಚಿತ್ರವೆನಿಸೀತು. ಗೇರು ಬದಲಿಸುವ ಹಿಡಿಕೆಯು ನೆಲದಲ್ಲಿರದೆ ಚುಕ್ಕಾಣಿಯ ಕಂಬದ ಮೇಲೆಯೇ ಇದ್ದಿತು. ಮುಂದಿನ ಆಸನವು ಮಣೆಯಂತೆ ಉದ್ದಕ್ಕೆ ಒಂದೇ. ಆದುದರಿಂದ ಮುಂದೆ ಮೂವರು, ಹಿಂದೆ ನಾಲ್ವರು, ಪಾಟಿಚೀಲಗಳ ಸಮೇತ ನಾವು ಏಳು ಜನ ಹುಡುಗಿಯರು ಅದರಲ್ಲಿ ಶಾಲೆಗೆ ಹೋದ ದಿನಗಳುಂಟು. ಅದರಲ್ಲಿ ಕುಳಿತವರು ಈ ಪುಟವನ್ನು ಓದುತ್ತಿದ್ದರೆ, ಬಲಗಡೆಯ ಹಿಂದಿನ ಬಾಗಿಲನ್ನು ಒಳಗಿನಿಂದ ತೆಗೆಯಲು ಬಾರದೆಂಬುದು ಅವರಿಗೆ ನೆನಪಿದ್ದೀತು. ರಾತ್ರಿಯ ಹೊತ್ತು ಅದೇ ಗಾಡಿಯು ಬೇರೆ ಕೆಲಸಕ್ಕೆ ಹೋಗುತ್ತಿದ್ದಿತು. ಕಳಸಾಪುರ, ಅಸುಂಡಿ, ಮುಳಗುಂದದ ಕಡೆಯಿಂದ ಯಾರಾದರೂ ಸೈಕಲ್ಲಿನ ಮೇಲೆ ಬಂದು ಬಾಗಿಲು ತಟ್ಟಿದರೆಂದರೆ ತಂದೆಯವರು ಪೆಟ್ಟಿಗೆ ಹಿಡಿದು ಹೊರಡುವರು. ಹೆರಿಗೆಯ ನೋವು ತಿನ್ನುತ್ತಿದ್ದ ಹೆಣ್ಣುಮಕ್ಕಳನ್ನು ಹಿಂದಿನ ಆಸನದ ಮೇಲೆ ಮಲಗಿಸಿಕೊಂಡು ಗದುಗಿಗೆ ಒಯ್ದ ರಾತ್ರಿಗಳೆಷ್ಟೋ! ಇಬ್ಬರು ಮಕ್ಕಳು ದವಾಖಾನೆಯನ್ನು ಮುಟ್ಟುವದರೊಳಗಾಗಿ ಆ ಆಸನದ ಮೇಲೆಯೇ ಹುಟ್ಟಿದರು. ಮರುದಿನ ಬೆಳಿಗ್ಗೆ ಅವ್ವ ಬಿಸಿನೀರು, ಸೋಡಾ ಹಾಕಿ ಅದನ್ನು ತಿಕ್ಕಿ ತೊಳೆದು, ಒಂದು ಚಾದರ ಹಾಸಿ ನಮ್ಮನ್ನು ಶಾಲೆಗೆ ಕಳುಹಿಸಿದಳು.

ನಾನು ಗಾಡಿ ನಡೆಸುವದನ್ನು ಕಲಿತುದೂ ಅದರ ಮೇಲೆಯೇ. ತಂದೆಯವರು ೨೦೨೦ರಲ್ಲಿ ತೀರಿಕೊಂಡರು. ಮಾಲಿಕನು ತೀರಿಕೊಂಡರೆ ಗಾಡಿಯು ವಾರಸುದಾರರ ಹೆಸರಿಗೆ ತನ್ನಷ್ಟಕ್ಕೆ ತಾನೇ ಆಗುವದಿಲ್ಲ. ೩೧ನೆಯ ನಮೂನೆಯಲ್ಲಿ ಸಾರಿಗೆ ಕಚೇರಿಗೆ ಅರ್ಜಿ ಕೊಡಬೇಕು. ಹಾಗೆ ಕೊಟ್ಟು ಅದನ್ನು ಅವ್ವನ ಹೆಸರಿಗೆ ಮಾಡಿಸಿದೆವು. ಹದಿನೈದು ವರ್ಷ ಕಳೆದ ಸ್ವಂತದ ಗಾಡಿಗಳ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಆ ಶುಲ್ಕವು ೬೦೦ ರೂಪಾಯಿ ಇದ್ದುದು ೨೦೨೨ರ ಏಪ್ರಿಲ್ ೧ರಿಂದ ೫,೦೦೦ ರೂಪಾಯಿಯಾಯಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ ೨೦೨೫ರಲ್ಲಿ ೧೦,೦೦೦ಕ್ಕೆ ಏರಿತು. ನಾವು ೨೦೨೨ರಲ್ಲಿ ಐದು ಸಾವಿರ ತೆತ್ತೆವು. ವಾರಕ್ಕೊಮ್ಮೆ ನಾನು ಗದುಗಿನಿಂದ ನಾಗಾವಿಗೆ ಬಂದಾಗ ಗಾಡಿಯನ್ನು ಹೊರಗೆ ತೆಗೆದು ಒಂದೆರಡು ಮೈಲು ಓಡಿಸಿ ತಂದಿಡುವದು ವಾಡಿಕೆಯಾಯಿತು.

೨೦೨೪ರ ಮಾರ್ಚ ತಿಂಗಳಿನ ಒಂದು ಮಧ್ಯಾಹ್ನ ಅದು ದಾರಿಯಲ್ಲಿ ನಿಂತಿತು. ಕಾವಿನ ಮುಳ್ಳು ಮೇಲೇರಿದುದನ್ನು ಕಂಡೊಡನೆ ನಾನು ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆನು. ಆದರೆ ಅಷ್ಟರಲ್ಲಿಯೇ ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದ ಸದ್ದು ಬಂದಿದ್ದಿತು. ಒಂದು ತಾಸು ಆರಲು ಬಿಟ್ಟು ಮತ್ತೆ ಚಾಲು ಮಾಡಹೋದರೆ ಎಂಜಿನು ಅಲ್ಲಾಡಲೇ ಇಲ್ಲ. ನೆರೆಯ ಹೊಲದವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ಎಳೆದು ತಂದೆವು.

ತಂದೆಯವರ ಕಾಲದಿಂದಲೂ ಈ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ಮುದುಕ ಮಿಸ್ತ್ರಿಯೊಬ್ಬರು ಗದುಗಿನಲ್ಲಿರುವರು. ಅವರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದರು. ಎರಡು ದಿನ ಕೂತು ಮೇಲಿನ ಭಾಗವನ್ನು ಬಿಚ್ಚಿದರು. “ಅಕ್ಕಾರ, ಇದು ಇವತ್ತಿನ ಜಡ್ಡ ಅಲ್ರಿ. ನಲವತ್ತು ವರ್ಷದ್ದು,” ಎಂದು ಹೇಳಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಅವರು ತೋರಿಸಿದುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುವೆನು. ಇದನ್ನು ತಿಳಿದುಕೊಂಡವರನ್ನು ಗ್ಯಾರೇಜಿನಲ್ಲಿ ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಈ ಎಂಜಿನಿನಲ್ಲಿ ಸಿಲಿಂಡರುಗಳು ನಾಲ್ಕು. ಒಂದೊಂದರೊಳಗೂ ಒಂದೊಂದು ಪಿಸ್ಟನು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡಾಡುವದು. ಪಿಸ್ಟನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರು ಮಾತ್ರ. ಸುತ್ತಲಿನ ಗೋಡೆಯ ಪೊಳ್ಳಿನೊಳಗೆ ನೀರು ಹರಿದಾಡಿ ಕಾವನ್ನು ಹೊತ್ತುಕೊಂಡು ಮುಂದಿನ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಮರಳುವದು. ನಮ್ಮ ಕಡೆಯ ಕೊಳವೆಬಾವಿಯ ನೀರು ಎಂಥ ಗಡಸೆಂಬುದನ್ನು ಹಂಡೆ ತಿಕ್ಕಿದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಂಡೆಯ ತಳದಲ್ಲಿ ಕಟ್ಟುವ ಆ ಬಿಳಿಯ ಸುಣ್ಣದ ಹೊಪ್ಪಳಿಕೆಯೇ ನಲವತ್ತು ಬೇಸಿಗೆಗಳಲ್ಲಿ ಆ ಪೊಳ್ಳಿನೊಳಗೂ ರೇಡಿಯೇಟರಿನ ನಳಿಗೆಗಳೊಳಗೂ ಕಟ್ಟಿಕೊಂಡಿದ್ದಿತು. ನೀರಿನ ದಾರಿ ಮುಚ್ಚುತ್ತ ಬಂದ ಹಾಗೆ ಕಾವು ಹೊರಬೀಳದಾಯಿತು. ಎಂಜಿನಿನ ಒಡಲು ಬೀಡುಕಬ್ಬಿಣದ್ದು, ತಲೆಯ ಭಾಗ ಅಲ್ಯೂಮಿನಿಯಮ್ಮಿನದು. ಕಾವಿಗೆ ಎರಡೂ ಒಂದೇ ಸಮನಾಗಿ ಹಿಗ್ಗುವದಿಲ್ಲವಾಗಿ ತಲೆಯು ಸೊಟ್ಟಗಾಗಿದ್ದಿತು. ಎಣ್ಣೆಯ ಪದರು ಸುಟ್ಟುಹೋಗಿ, ಹಿಗ್ಗಿದ ಪಿಸ್ಟನುಗಳು ಗೋಡೆಯನ್ನು ಕಚ್ಚಿ ಹಿಡಿದಿದ್ದವು. ಇದಕ್ಕೇ ಮಿಸ್ತ್ರಿಗಳು ‘ಸೀಜ್’ ಆಯಿತು ಎನ್ನುವದು. ಇಷ್ಟೇ ಆಗಿದ್ದರೆ ಉಪಾಯವಿದ್ದಿತು. ಆದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಒಡಲಿನಲ್ಲಿಯೇ ಒಂದು ಬಿರುಕು ಕಾಣಿಸಿತು. ಸೀಮೆಎಣ್ಣೆ ಸವರಿ, ಒರಸಿ, ಸೀಮೆಸುಣ್ಣ ಉಜ್ಜಿದಾಗ ಆ ಗೆರೆಯು ಕಪ್ಪಾಗಿ ಮೂಡಿತು. ಮಿಸ್ತ್ರಿಯವರು ಬಹಳ ಹೊತ್ತು ಮಾತಾಡದೆ ಕುಳಿತರು.

ಸಿಲಿಂಡರು ಸವೆದಿದ್ದರೆ ಹುಬ್ಬಳ್ಳಿಗೆ ಒಯ್ದು ಬೋರು ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನು ಹಾಕಿಸಬಹುದು. ಕ್ರ್ಯಾಂಕನ್ನು ಸಾಣೆ ಹಿಡಿಸಬಹುದು, ಸೊಟ್ಟಾದ ತಲೆಯನ್ನು ಮಟ್ಟ ಮಾಡಿಸಬಹುದು. ಬಿರುಕು ಬಿಟ್ಟ ಒಡಲಿಗೆ ಮಾತ್ರ ಬೇರೆ ಒಡಲೇ ಬೇಕು. ಪದ್ಮಿನಿಯ ತಯಾರಿಕೆಯು ೨೦೦೦ದ ಸುಮಾರಿಗೇ ನಿಂತುಹೋಯಿತು. ಆ ಬಳಿಕವೂ ಅದರ ಬಿಡಿಭಾಗಗಳ ವ್ಯಾಪಾರವನ್ನು ಜೀವಂತವಾಗಿಟ್ಟಿದ್ದವುಗಳು ಮುಂಬಯಿಯ ಕಪ್ಪು ಹಳದಿಯ ಬಾಡಿಗೆ ಗಾಡಿಗಳು. ಅವುಗಳಲ್ಲಿ ಕಟ್ಟಕಡೆಯದು ೨೦೨೩ರ ಅಕ್ಟೋಬರ್ ೩೦ರಂದು ರಸ್ತೆಯನ್ನು ಬಿಟ್ಟಿತು. ನಮ್ಮ ಗಾಡಿ ಕೆಟ್ಟುದು ಅದಾದ ಐದು ತಿಂಗಳಿಗೆ. ಹಳೆಯ ಗಾಡಿಯಿಂದ ಕಳಚಿದ ಒಡಲೊಂದು ಸಿಕ್ಕಬಹುದೆಂದೂ, ಎಲ್ಲ ಸೇರಿ ಎಂಬತ್ತು ಸಾವಿರ ರೂಪಾಯಿ ತಗಲಬಹುದೆಂದೂ, “ಆದರ ಗ್ಯಾರಂಟಿ ನಾ ಹೇಳಂಗಿಲ್ರಿ,” ಎಂದೂ ಮಿಸ್ತ್ರಿಯವರು ನುಡಿದರು. ಕೆಲಸ ಸಿಗುವ ಆಸೆಗೆ ಸುಳ್ಳು ಹೇಳದ ಇಂಥ ಮಿಸ್ತ್ರಿಯು ದೊರೆಯುವದು ಭಾಗ್ಯವೇ ಸರಿ.

ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಸಮಾಚಾರ ತಿಳಿಸಿದೆನು. “ಅಕ್ಕಾ, ಎಷ್ಟ ಖರ್ಚ ಆದರೂ ನಾ ಕೊಡ್ತೀನಿ. ಅಪ್ಪನ ಗಾಡಿ ಗುಜರಿಗೆ ಹೋಗಬಾರದು,” ಎಂದನು. ಅವನ ಮಾತಿನಲ್ಲಿ ಪ್ರೀತಿಯಿದ್ದಿತು, ಅದನ್ನು ನಾನು ಹಗುರಾಗಿ ಕಾಣಲಿಲ್ಲ. ಆದರೆ ರಿಪೇರಿಯಾಗಿ ಬಂದ ಗಾಡಿಯನ್ನು ಓಡಿಸುವವರು ಯಾರು? ಅವ್ವನಿಗೆ ಎಂಬತ್ತೆರಡು ವರ್ಷ. ಅಷ್ಟು ತಗ್ಗಿನ ಆಸನದಿಂದ ಅವಳು ಏಳಲಾರಳು. ನನಗೆ ನನ್ನದೇ ಸಣ್ಣ ಗಾಡಿಯುಂಟು. ಇದಲ್ಲದೆ ಪೆಟ್ರೋಲಿನಲ್ಲಿ ಎಥೆನಾಲನ್ನು ಬೆರೆಸುವ ಪ್ರಮಾಣವು ವರ್ಷದಿಂದ ವರ್ಷಕ್ಕೆ ಏರುತ್ತ ೨೦೨೫ರಲ್ಲಿ ದೇಶದಲ್ಲೆಲ್ಲ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಹಳೆಯ ಕಾಲದ ರಬ್ಬರಿನ ನಳಿಗೆಗಳೂ ಪೆಟ್ರೋಲು ಪಂಪಿನ ಪೊರೆಯೂ ಅದನ್ನು ಬಹಳ ದಿನ ತಾಳುವಂಥವಲ್ಲ. ಎಂಬತ್ತು ಸಾವಿರವು ಕೊನೆಯ ಖರ್ಚಾಗದೆ ಮೊದಲನೆಯ ಖರ್ಚಾಗುವದೆಂದು ನನಗೆ ತೋರಿತು.

ತಮ್ಮನ ಮಗನು ಎಂಜಿನಿಯರಿಂಗ್ ಓದುತ್ತಿರುವನು. ಬೇರೆ ಗಾಡಿಯ ಎಂಜಿನನ್ನು ಇದಕ್ಕೆ ಕೂಡ್ರಿಸಬಹುದೆಂದು ಅವನ ಸಲಹೆ. ಕೂಡ್ರಿಸುವ ಕುಶಲಿಗಳು ಹುಬ್ಬಳ್ಳಿಯಲ್ಲಿ ಇರುವದು ನಿಜ. ಆದರೆ ತಯಾರಕರು ನಿಗದಿಗೊಳಿಸಿದ ರಚನೆಯನ್ನು ಮನಬಂದಂತೆ ಮಾರ್ಪಡಿಸುವದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುವದು. ಅನುಮತಿ ಪಡೆದು, ನೋಂದಣಿ ಪತ್ರದಲ್ಲಿ ಬರೆಯಿಸಬೇಕಾಗುವದು. ವಿದ್ಯುತ್ತಿನ ಮೋಟಾರು ಹಾಕಿಸುವದಕ್ಕೂ ಒಪ್ಪಿಗೆ ಪಡೆದ ಸಾಮಗ್ರಿಯೇ ಬೇಕು, ಅದರ ಬೆಲೆಯು ನಮ್ಮ ಗಾಡಿಯ ಬೆಲೆಯ ಹಲವು ಪಾಲು. ಇನ್ನು ಕೆಲವರು, ಹಾಗೆಯೇ ಇಟ್ಟರೆ ಮುಂದೆ ಅದಕ್ಕೆ ಪುರಾತನ ವಾಹನವೆಂದು ಬೆಲೆ ಬರುವದೆಂದರು. ೨೦೨೧ರಲ್ಲಿ ಕೇಂದ್ರ ಸರಕಾರವು ಅದಕ್ಕಾಗಿ ನಿಯಮ ಮಾಡಿರುವದೂ ಉಂಟು. ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದಿರಬೇಕು, ಎಂಜಿನು ಒಡಲುಗಳೆಲ್ಲ ಮೂಲರೂಪದಲ್ಲಿರಬೇಕು. ನಮ್ಮದಕ್ಕೆ ಐವತ್ತು ತುಂಬುವದು ೨೦೩೨ರಲ್ಲಿ! ಅಲ್ಲಿಯ ತನಕ ಇಲಿ ಹೆಗ್ಗಣಗಳು ಅದರ ತಂತಿಗಳನ್ನೂ ಗಾದಿಯನ್ನೂ ಮೂಲರೂಪದಲ್ಲಿ ಉಳಿಸುವವೆಂದು ಯಾರು ಹೇಳಬಲ್ಲರು? ಧರ್ಮಸ್ಥಳದ ವಸ್ತುಸಂಗ್ರಹಾಲಯಕ್ಕೆ ಕೊಡಬಾರದೇಕೆ ಎಂದು ಒಬ್ಬ ಬಂಧುಗಳು ಕೇಳಿದರು. ಅಲ್ಲಿಯ ಹಳೆಯ ಮೋಟಾರುಗಳನ್ನು ನಾನು ನೋಡಿರುವೆನು. ಅಂಥಲ್ಲಿಗೆ ಹೋಗತಕ್ಕದ್ದು ಅಪರೂಪದ ಗಾಡಿ. ನಮ್ಮದು ಸಾಮಾನ್ಯರಲ್ಲಿ ಸಾಮಾನ್ಯ. ನೆರೆಯ ರೈತರೊಬ್ಬರು ಮಾತ್ರ ಸಂಕೋಚಪಡುತ್ತ, ಅಚ್ಚು ಗಾಲಿಗಳನ್ನು ಕೊಟ್ಟರೆ ಒಂದು ಟಾಯರು ಚಕ್ಕಡಿಯಾದೀತೆಂದರು. ಇದುವರೆಗೆ ಬಂದ ಸಲಹೆಗಳಲ್ಲಿ ಇದೇ ಹೆಚ್ಚು ವಿವೇಕದ್ದೆಂದು ನನಗನಿಸಿತು.

ಈ ನಡುವೆ ನಡೆದ ಒಂದು ಸಂಗತಿಯನ್ನು ಪಾಲಕರೂ ಭಗಿನಿಯರೂ ಲಕ್ಷ್ಯಗೊಟ್ಟು ಓದಬೇಕೆಂದು ಬೇಡುವೆನು. ಗಾಡಿ ಕೆಟ್ಟ ಸುದ್ದಿ ಹೇಗೋ ಹರಡಿ, ಮೊದಲು ಒಬ್ಬ ಗುಜರಿಯವನು ಬಂದನು. ಗಾಡಿಯ ತೂಕವು ಸುಮಾರು ಒಂಬತ್ತು ಕ್ವಿಂಟಲು. ಕಬ್ಬಿಣದ ದರ ಹಚ್ಚಿ ಇಪ್ಪತ್ತೆರಡು ಸಾವಿರ ಕೊಡುವೆನೆಂದನು. ಒಂದು ವಾರದ ಮೇಲೆ ಇನ್ನೊಬ್ಬ ದಲಾಲಿಯು ಬಂದನು. ಒಳ್ಳೆಯ ಉಡುಪು, ನಯವಾದ ಮಾತು. ಅವನು ಎಂಜಿನನ್ನು ನೋಡಲಿಲ್ಲ, ಬಾನೆಟ್ಟನ್ನು ಎತ್ತಿಸಲೂ ಇಲ್ಲ. ಚಾಸಿಯ ಸಂಖ್ಯೆಯನ್ನು ಮಾತ್ರ ಬಗ್ಗಿ ಓದಿಕೊಂಡು, ನೋಂದಣಿ ಪುಸ್ತಕವನ್ನು ಕೇಳಿ ಪುಟಪುಟವನ್ನೂ ನೋಡಿದನು. ನಲವತ್ತೈದು ಸಾವಿರ ಕೊಡುವೆನೆಂದನು. ಅದಕ್ಕೆ ಅವ್ವ ೨೯ನೆಯ ಮತ್ತು ೩೦ನೆಯ ನಮೂನೆಗಳ ಮೇಲೆ, ಬೇರೇನನ್ನೂ ತುಂಬದೆ, ಬರಿಯ ಸಹಿ ಮಾಡಿಕೊಟ್ಟರೆ ಸಾಕು. “ಗಾಡಿ ಒಯ್ಯೂದು ತಡ ಆದರೂ ನಡೀತೈತ್ರಿ ಅಕ್ಕಾರ, ಕಾಗದಪತ್ರ ಇವತ್ತ ಕೊಡ್ರಿ,” ಎಂದನು.

ಸತ್ತ ಗಾಡಿಗಿಂತ ಅದರ ಕಾಗದಕ್ಕೆ ಇಮ್ಮಡಿ ಬೆಲೆ ಏತಕ್ಕೆ? ನಾನು ಹಾಗೆಯೇ ಅವನನ್ನು ಕೇಳಿದೆನು. ಸರಿಯಾದ ಉತ್ತರ ಬರಲಿಲ್ಲ. ಊಹಿಸುವದು ಕಷ್ಟವಲ್ಲ. ಜೀವಂತವಿರುವ ಒಂದು ಸಂಖ್ಯೆ ಮತ್ತು ಪತ್ರಗಳಿದ್ದರೆ ಯಾವುದೋ ಕದ್ದ ಗಾಡಿಗೆ ಅದೇ ಸಂಖ್ಯೆಯನ್ನು ಕೆತ್ತಿ ಅದನ್ನು ಇದೆಂದು ಓಡಿಸಬಹುದು. ಅದು ಎಲ್ಲಿಯಾದರೂ ಒಬ್ಬನ ಮೇಲೆ ಹಾಯ್ದರೆ ಕಾಗದದಲ್ಲಿರುವ ಹೆಸರು ನಾಗಾವಿಯ ಒಬ್ಬ ಮುದುಕಿಯದು. ನವೀನಕುಮಾರ ವಿರುದ್ಧ ವಿಜಯಕುಮಾರ ಎಂಬ ಮೊಕದ್ದಮೆಯಲ್ಲಿ ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥದೇ ಪ್ರಶ್ನೆಯನ್ನು ಬಿಡಿಸಿತು. ಅಲ್ಲಿ ಮಾಲಿಕರು ಗಾಡಿಯನ್ನು ನಿಜವಾಗಿಯೂ ಮಾರಿಬಿಟ್ಟಿದ್ದರು. ಅದು ಕೈಯಿಂದ ಕೈಗೆ ಹೋಗಿದ್ದಿತು. ಆದರೆ ನೋಂದಣಿಯು ಮೊದಲಿನವರ ಹೆಸರಿನಲ್ಲಿಯೇ ಉಳಿದಿದ್ದಿತು. ಅಪಘಾತವಾದಾಗ ಪರಿಹಾರದ ಹೊಣೆಯು ನೋಂದಾಯಿತ ಮಾಲಿಕರದೇ ಎಂದು ತೀರ್ಪಾಯಿತು. ನಲವತ್ತೈದು ಸಾವಿರವೆಂದರೆ ನಮ್ಮ ಮನೆಗೆ ಸಣ್ಣ ಹಣವಲ್ಲ. ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಯು ಆ ವರ್ಷವೇ ಆಗಬೇಕಾಗಿದ್ದಿತು. ಆದರೂ ಅವನಿಗೆ ಚಹಾ ಕೊಟ್ಟು ಕಳುಹಿಸಿದೆನು, ಪುಸ್ತಕವನ್ನು ಕೊಡಲಿಲ್ಲ. ಅವನು ಮತ್ತೆರಡು ಸಲ ದೂರವಾಣಿಯಲ್ಲಿ ಮಾತಾಡಿ ಬೆಲೆಯನ್ನು ಐವತ್ತೈದರ ತನಕ ಏರಿಸಿದನು. ಏರಿದಷ್ಟೂ ನನ್ನ ಸಂಶಯ ಗಟ್ಟಿಯಾಯಿತು.

ಸರಕಾರದಿಂದ ಪರವಾನಗಿ ಪಡೆದ ಗುಜರಿ ಕೇಂದ್ರಗಳ ವ್ಯವಸ್ಥೆಯು ೨೦೨೧ರಿಂದ ಬಂದಿದೆ. ಅಲ್ಲಿ ಗಾಡಿಯನ್ನು ಒಪ್ಪಿಸಿದರೆ ಒಂದು ಠೇವಣಿ ಪ್ರಮಾಣಪತ್ರ ದೊರೆಯುವದು. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕದ ವಿನಾಯಿತಿ ಉಂಟು, ರಸ್ತೆಯ ತೆರಿಗೆಯಲ್ಲಿ ಸ್ವಂತದ ಗಾಡಿಗೆ ನೂರಕ್ಕೆ ಇಪ್ಪತ್ತೈದರವರೆಗೆ ರಿಯಾಯಿತಿಗೂ ಅವಕಾಶವುಂಟು. ಹೊಸ ಗಾಡಿಯನ್ನು ಕೊಳ್ಳುವ ಮನೆಯವರಿಗೆ ಇದೇ ನೆಟ್ಟನೆಯ ದಾರಿ. ಕೊಳ್ಳದ ನಮಗೆ ಅದರಿಂದ ಲಾಭವಿರಲಿಲ್ಲ. ಆದರೆ ಅದೇ ಕಾಯಿದೆಯ ೫೫ನೆಯ ಕಲಮು ಎಲ್ಲರಿಗೂ ಅನ್ವಯಿಸುವಂಥದು. ಗಾಡಿಯು ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಮಾಲಿಕರು ೧೪ ದಿನಗಳೊಳಗೆ, ಇಲ್ಲವೆ ಸಾಧ್ಯವಾದಷ್ಟು ಬೇಗನೆ, ನೋಂದಣಿ ಅಧಿಕಾರಿಗೆ ತಿಳಿಸಿ ನೋಂದಣಿ ಪತ್ರವನ್ನು ಮರಳಿಸತಕ್ಕದ್ದು. ಅವರು ನೋಂದಣಿಯನ್ನು ರದ್ದುಗೊಳಿಸುವರು. ಯಾವ ಹಾದಿ ಹಿಡಿದರೂ ಈ ರದ್ದತಿಯಾಗದೆ ಗಾಡಿಯು ನಮ್ಮ ಅಂಗಳವನ್ನು ಬಿಡಕೂಡದೆಂದು ಮಾತ್ರ ನಾನು ಅಂದೇ ನಿಶ್ಚಯಿಸಿದೆನು.

ತಮ್ಮನು ಮತ್ತೆ ಮತ್ತೆ ಹೇಳುತ್ತಿದ್ದ ಮಾತೆಂದರೆ, ಗಾಡಿ ಹೋದರೆ ಅವ್ವ ಎದೆಗುಂದುವಳೆಂಬುದು. ಅವ್ವನಿಗೆ ತಿಳಿಯದ ಹಾಗೆ, ಅವಳ ಹೆಸರಿನಲ್ಲಿರುವ ಗಾಡಿಯ ನಿರ್ಣಯವನ್ನು ಮಾಡುವದು ನನಗೆ ಸರಿತೋರಲಿಲ್ಲ. ಒಂದು ಸಂಜೆ ಅವಳು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಾಗ ಎಲ್ಲವನ್ನೂ, ಬಿರುಕನ್ನೂ ಎಂಬತ್ತು ಸಾವಿರವನ್ನೂ ದಲಾಲಿಯನ್ನೂ ಬಿಡದೆ, ಹೇಳಿ, ಏನು ಮಾಡಲೆಂದು ಕೇಳಿದೆನು.

ಅವಳು ಬುಟ್ಟಿಯಿಂದ ತಲೆಯೆತ್ತಲಿಲ್ಲ. “ಎಂಜಿನ್ ಹೋಗೇತಿ ಅಂತ ಮಿಸ್ತ್ರಿ ಅವತ್ತ ಹೇಳ್ಯಾನ. ಮೂರು ತಿಂಗಳಿಂದ ನೀವು ಯಾಕ ಅದನ್ನ ಮುಚ್ಚಿ ಇಟ್ಟೀರಿ ಅಂತ ನಾನ ಕೇಳಬೇಕಂತಿದ್ದೆ. ನಿಮ್ಮಪ್ಪ ಇದ್ದಿದ್ದರ ಒಂದು ವಾರದಾಗ ಸಾಗಹಾಕತಿದ್ದರು. ಶೇಂಗಾ ಹಾಕಲಿಕ್ಕ ಆ ಪತ್ರಾಸಿನ ಕೆಳಗಿನ ಜಾಗಾ ಬೇಕಾಗೇತಿ.”

ಸ್ವಲ್ಪ ಹೊತ್ತಾದ ಮೇಲೆ, “ಆದರ ತೂಕದ ಮ್ಯಾಲೆ ಮಾರಬ್ಯಾಡ,” ಎಂದಳು. ಏಕೆಂದು ನಾನು ಕೇಳಲಿಲ್ಲ. ಅವಳಾಗಿಯೇ ಮುಂದುವರಿದು, ಹಿಂದಿನ ಆಸನವನ್ನು ಬಿಚ್ಚಿ ಪಡಸಾಲೆಯಲ್ಲಿ ಎರಡು ಮಣೆಗಳ ಮೇಲೆ ಹಾಕಿಸಬೇಕೆಂದೂ, ಅಷ್ಟು ಎತ್ತರವಾದರೆ ತನಗೆ ಕುಳಿತೇಳಲು ಬರುವದೆಂದೂ ಹೇಳಿದಳು.

ತೂಕಕ್ಕೆ ಮಾರಬಾರದು, ಕಾಗದದೊಂದಿಗೆ ಕೊಡಬಾರದು, ಕಟ್ಟಿಕೊಂಡು ಕೂಡ್ರಬಾರದು. ಹೀಗೆ ಎಲ್ಲ ಬಾಗಿಲುಗಳು ಮುಚ್ಚಿದ ಮೇಲೆ ಉಳಿದುದನ್ನು ತೋರಿಸಿದವರು ಮಿಸ್ತ್ರಿಯವರೇ. ಅವರ ಮೊಮ್ಮಗನು ಗದುಗಿನ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರು ಯಂತ್ರದ ಕೆಲಸವನ್ನು ಕಲಿಯುತ್ತಿದ್ದನು. ಅಲ್ಲಿಗೆ ಹೋಗಿ ವಿಚಾರಿಸಿದೆನು. ಈಗಿನ ಗಾಡಿಗಳಲ್ಲಿ ಎಲ್ಲವನ್ನೂ ಗಣಕಯಂತ್ರದ ಪೆಟ್ಟಿಗೆಯೊಂದು ನಡೆಸುವದರಿಂದ, ಮಕ್ಕಳಿಗೆ ಕಾರಣವೂ ಕಾರ್ಯವೂ ಕಣ್ಣಿಗೆ ಕಾಣುವದಿಲ್ಲವೆಂದು ಅಲ್ಲಿಯ ಶಿಕ್ಷಕರು ಹೇಳಿದರು. ಕಾರ್ಬುರೇಟರಿನಲ್ಲಿ ಪೆಟ್ರೋಲು ಗಾಳಿಯೊಡನೆ ಬೆರೆಯುವದನ್ನೂ, ಡಿಸ್ಟ್ರಿಬ್ಯೂಟರು ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಿಡಿಯನ್ನು ಹಂಚುವದನ್ನೂ ಹಳೆಯ ಎಂಜಿನಿನಲ್ಲಿ ಬೆರಳಿಟ್ಟು ತೋರಿಸಬಹುದು. ಬಿರುಕು ಬಿಟ್ಟಿದ್ದರೆ ಮತ್ತೂ ಒಳ್ಳೆಯದು, ಅದನ್ನು ಕಂಡುಹಿಡಿಯುವದೂ ಒಂದು ಪಾಠ ಎಂದರು. ಆ ವರ್ಗದಲ್ಲಿ ಆ ವರ್ಷ ಮೂವರು ಹುಡುಗಿಯರಿದ್ದರು. ಎಣ್ಣೆಯ ಕೈಗಳನ್ನು ಹಿಂದೆ ಮಾಡಿಕೊಂಡು ಅವರು ನಿಂತಿದ್ದ ರೀತಿಯನ್ನು ನೋಡಿದಾಗ ನನಗೆ ಇನ್ನಾವ ಯೋಚನೆಯೂ ಬೇಕೆನಿಸಲಿಲ್ಲ.

ತಮ್ಮನನ್ನು ಒಪ್ಪಿಸುವದಕ್ಕೆ ಹದಿನೈದು ದಿನ ಹಿಡಿಯಿತು. ಅವ್ವ ದೂರವಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೇ ಮಾತು ಆಡಿದ ಮೇಲೆ ಅವನು ಸುಮ್ಮನಾದನು. ಮಿಕ್ಕ ಕೆಲಸಗಳು ಬೇಸರದವುಗಳಾದರೂ ಹೇಳಿಬಿಡುವೆನು. ಗಾಡಿಯ ಮೇಲೆ ತೆರಿಗೆಯೋ ದಂಡವೋ ಬಾಕಿಯಿಲ್ಲವೆಂಬುದನ್ನು ಮೊದಲು ನೋಡಿಕೊಂಡೆವು. ಅವ್ವನ ಸಹಿಯ ಅರ್ಜಿಯನ್ನೂ ಮೂಲ ಪುಸ್ತಕವನ್ನೂ ಗದುಗಿನ ಸಾರಿಗೆ ಕಚೇರಿಗೆ ಒಪ್ಪಿಸಿದೆವು. ಇನ್ಸ್‌ಪೆಕ್ಟರರು ಬಂದು ಚಾಸಿಯ ಮತ್ತು ಎಂಜಿನಿನ ಸಂಖ್ಯೆಗಳನ್ನು ತಾಳೆ ನೋಡಿ ಹೋದರು. ರದ್ದತಿಯ ಪತ್ರವು ಕೈಗೆ ಬರುವತನಕ ಗಾಡಿಯು ಅಲುಗಲಿಲ್ಲ. ಪೆಟ್ರೋಲನ್ನೂ ಎಣ್ಣೆಯನ್ನೂ ಮಿಸ್ತ್ರಿಯವರು ಡಬ್ಬಿಗಳಲ್ಲಿ ಇಳಿಸಿಕೊಂಡರು. ಇಂಥ ಎಣ್ಣೆಯನ್ನು ಹೊಲಕ್ಕೋ ಗಟಾರಿಗೋ ಚೆಲ್ಲುವದು ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ನೆಲವನ್ನೂ ನೀರನ್ನೂ ಕೆಡಿಸುವದು. ಸೀಸ ಮತ್ತು ಆಮ್ಲ ತುಂಬಿದ ಬ್ಯಾಟರಿಯನ್ನು ಬ್ಯಾಟರಿಯ ಅಂಗಡಿಗೇ ಮರಳಿಸಿದೆವು. ಸಂಸ್ಥೆಯೊಡನೆ ಒಂದು ಪತ್ರವಾಯಿತು: ಬೋಧನೆಗಾಗಿ ಮಾತ್ರ ಇದರ ಉಪಯೋಗ, ರಸ್ತೆಯ ಮೇಲೆ ಓಡಿಸತಕ್ಕದ್ದಲ್ಲ, ಕೆಲಸ ತೀರಿದ ಬಳಿಕ ಪರವಾನಗಿಯುಳ್ಳ ಕೇಂದ್ರಕ್ಕೇ ಒಪ್ಪಿಸತಕ್ಕದ್ದು. ಇದೆಲ್ಲ ನಡೆದುದು ೨೦೨೪ರಲ್ಲಿ. ೨೦೨೫ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಪರಿಸರ ನಿಯಮಗಳ ಮೇರೆಗೆ ಆಯುಷ್ಯ ತೀರಿದ ಗಾಡಿಯನ್ನು ೧೮೦ ದಿನಗಳೊಳಗೆ ಅಂಥ ಕೇಂದ್ರಕ್ಕೆ ಅಥವಾ ಅದಕ್ಕಾಗಿ ನೇಮಿಸಿದ ಸಂಗ್ರಹದ ಸ್ಥಳಕ್ಕೆ ಒಪ್ಪಿಸುವ ಹೊಣೆಯು ಮಾಲಿಕರ ಮೇಲಿದೆ. ಆದುದರಿಂದ ಈಗ ಇಂಥ ನಿರ್ಣಯಕ್ಕೆ ಕೈಹಾಕುವ ಭಗಿನಿಯರು ನಮ್ಮ ದಾರಿಯನ್ನು ಹಾಗೆಯೇ ಹಿಡಿಯದೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಸೆಪ್ಟೆಂಬರಿನಲ್ಲಿ ಗಾಡಿಯನ್ನು ಒಯ್ದರು. ಗಾಲಿಗಳೆಲ್ಲ ಅದರೊಡನೆಯೇ ಹೋದುವಾದುದರಿಂದ ನೆರೆಯ ರೈತರಿಗೆ ಚಕ್ಕಡಿಯ ಆಸೆ ಕೈಗೂಡಲಿಲ್ಲ. ಮಾಳಿಗೆಯ ಮೇಲಿದ್ದ ಕಬ್ಬಿಣದ ಕ್ಯಾರಿಯರನ್ನು ಕೊಟ್ಟೆವು; ಅವರು ಅದಕ್ಕೆ ಜಾಳಿಗೆ ಕಟ್ಟಿ ಕೋಳಿಗಳನ್ನು ಮುಚ್ಚುವದಕ್ಕೆ ಉಪಯೋಗಿಸುತ್ತಿರುವರು. ಆಸನವು ಪಡಸಾಲೆಯಲ್ಲಿದೆ. ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಯ ಖರ್ಚನ್ನು, ರಿಪೇರಿಗೆಂದು ತೆಗೆದಿಟ್ಟಿದ್ದ ಹಣದಿಂದ, ತಮ್ಮನು ಕೊಟ್ಟನು. ಪತ್ರಾಸಿನ ಕೆಳಗೆ ಆ ಸುಗ್ಗಿಯಲ್ಲಿ ಏಳು ಚೀಲ ಶೇಂಗಾ ಒಣಗಿದವು.

ಈಚೆಗೆ ಆ ಸಂಸ್ಥೆಯ ಕಡೆ ಹೋದಾಗ ಎಂಜಿನನ್ನು ಒಂದು ಕಬ್ಬಿಣದ ಮಂಚದ ಮೇಲೆ ಎತ್ತಿ ನಿಲ್ಲಿಸಿದ್ದರು. ಕಚ್ಚಿಕೊಂಡಿದ್ದ ಪಿಸ್ಟನುಗಳಿಗೆ ಸೀಮೆಎಣ್ಣೆ ಸುರಿದು, ದಿನವೂ ಕಟ್ಟಿಗೆಯ ತುಂಡಿಟ್ಟು ಮೆಲ್ಲನೆ ಬಡಿಯುತ್ತ, ಹುಡುಗಿಯರು ಮೂರನ್ನು ಹೊರತೆಗೆದಿರುವರು. ನಾಲ್ಕನೆಯದು ಇನ್ನೂ ಬಂದಿಲ್ಲ.